ಕಾರಿನಡಿಯ ಬಾವಿ

ಮೊನ್ನೆ ಬಾವಿಗೆ ಹೊಸ ಹಗ್ಗ ಹಾಕಿಸಿದೆ. ತೆಂಗಿನ ನಾರಿನ ಹಗ್ಗ. ಈಗ ಎಲ್ಲರೂ ನೈಲಾನ್ ಹಗ್ಗವನ್ನೇ ತರುತ್ತಾರೆ. ಅದು ಕೊಳೆಯುವುದಿಲ್ಲ, ಕೈಗೂ ಹಗುರ. ಆದರೆ ಅದು ಎಷ್ಟು ನೆನೆದರೂ ಒಂದು ವಾಸನೆ ಬರುವುದಿಲ್ಲ. ನಾರಿನ ಹಗ್ಗ ಮೊದಲ ಸಲ ನೀರಿಗಿಳಿದು ಮೇಲೆ ಬರುವಾಗ ಹೊಳೆಯ ಕೆಸರಿನಲ್ಲಿ ಹೂತಿಟ್ಟ ತೆಂಗಿನ ಸಿಪ್ಪೆಯ ನಾತವನ್ನು ತರುತ್ತದೆ. ಬೇರೆಯವರು ಮೂಗು ಮುಚ್ಚುತ್ತಾರೆ. ನನಗೆ ಅದು ಸೇಡು ತೀರಿದ ವಾಸನೆ. ನಾನು ಮೂಗು ತುಂಬ ಎಳೆದುಕೊಂಡೆ.

ಪಕ್ಕದಲ್ಲಿ ನಿಂತಿದ್ದ ಸೆವ್ರಿನ್ ಬಾಯಿ, "ಹಗ್ಗ ಹೊಸದು ಹಾಕಿದ್ರಿ. ಆ ರಾಟೆಗೆ ಒಂದು ಚೂರು ಎಣ್ಣೆ ಬಿಡ್ಲಿಕ್ಕೆ ಎಂತ ನಿಮ್ಗೆ? ಅದರ ಕಿರ್ರೋ ಇಡೀ ಬಿಲ್ಡಿಂಗಿಗೆ ಕೇಳ್ತದೆ" ಎಂದರು.

"ಕೇಳ್ಲಿ" ಎಂದೆ.

ಸೆವ್ರಿನ್ ಬಾಯಿ ನಮ್ಮ ಕೆಳಗಿನ ಫ್ಲ್ಯಾಟಿನವರು. ಕುವೈತಿನಲ್ಲಿ ನರ್ಸ್ ಆಗಿದ್ದು ಊರಿಗೆ ಬಂದವರು. ಕೋಪ ಬಂದರೆ ಕೊಂಕಣಿಯಲ್ಲಿ ಬೈದು, ಕನ್ನಡದಲ್ಲಿ ಸಮಾಧಾನ ಮಾಡುವವರು. ನನ್ನ ಉತ್ತರಕ್ಕೆ ಅವರು ತಲೆ ಆಡಿಸಿ ಹೋದರು. ಎಣ್ಣೆ ಯಾಕೆ ಹಾಕುವುದಿಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಮಣ್ಣಗುಡ್ಡೆಯ ಈ ನಾಲ್ಕು ಮಾಳಿಗೆಯ ಕಟ್ಟಡ ನಿಂತಿರುವುದು ನಮ್ಮ ಅಪ್ಪನ ಹಂಚಿನ ಮನೆಯಿದ್ದ ಜಾಗದಲ್ಲಿ. ಬಿಲ್ಡರನಿಗೆ ಜಾಗ ಕೊಟ್ಟಾಗ ನನಗೂ ತಂಗಿ ಲೀಲಾಳಿಗೂ ಸೇರಿ ಮೇಲಿನ ಮಾಳಿಗೆಯಲ್ಲಿ ಒಂದು ಫ್ಲ್ಯಾಟ್ ಬಂತು. ಮನೆ ಹೋಯಿತು, ಬಾವಿ ಉಳಿಯಿತು. ಮುರಕಲ್ಲು ಕಡಿದು ಅಪ್ಪ ತೋಡಿಸಿದ ಬಾವಿ, ಎಂಥ ಬೇಸಗೆಗೂ ತಳ ಕಂಡದ್ದಿಲ್ಲ. ಚಿಕ್ಕವರಿರುವಾಗ ನಾನೂ ಲೀಲಾಳೂ ಹಿಂದೆ ಮುಂದೆ ನಿಂತು ಒಂದೇ ಹಗ್ಗ ಎಳೆಯುತ್ತಿದ್ದೆವು. ಅರ್ಧಕ್ಕೆ ಬರುವಾಗ ಅವಳಿಗೆ ನಗು ಬರುತ್ತಿತ್ತು. ಕಾರಣ ಕೇಳಿದರೆ ಇರುತ್ತಿರಲಿಲ್ಲ. ನಕ್ಕು ಕೈ ಸಡಿಲ ಬಿಟ್ಟು ಕೊಡಪಾನ ಧಡ್ಡೆಂದು ನೀರಿಗೆ ಬಿದ್ದರೆ ಬೈಗಳು ಮಾತ್ರ ನನಗೆ. ಮುಂದೆ ಅವಳು ಸೊಸೈಟಿಯಲ್ಲಿ ಕ್ಲಾರ್ಕ್ ಆದಾಗಲೂ ಆ ನಗು ರಸ್ತೆಯ ಆಚೆ ಬದಿಗೆ ಕೇಳುತ್ತಿತ್ತಂತೆ. ಅವಳು ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾವಿಬ್ಬರೇ ಆದೆವು. ಆಮೇಲೆ ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿದು ಅವಳ ಬಲಭಾಗವನ್ನೂ ಮಾತನ್ನೂ ಒಟ್ಟಿಗೇ ಕೊಂಡುಹೋಯಿತು. ಅಕ್ಕ, ಬೇಕು, ಬೇಡ ಎಂಬ ಕೆಲವು ಶಬ್ದ ಉಳಿದವು. ನಗು ಉಳಿಯಲಿಲ್ಲ.

ಮಲಗಿದಲ್ಲೇ ಇರುವವರ ಬೆನ್ನು ಹುಣ್ಣಾಗದಂತೆ ಗಾಳಿ ತುಂಬುವ ಹಾಸಿಗೆಯೊಂದು ಬರುತ್ತದೆ. ಅದಕ್ಕೆ ಪುಟ್ಟ ಪಂಪು. ಕರೆಂಟು ಇರುವಷ್ಟು ಹೊತ್ತು ಅದು ಗುಂಯ್ ಎನ್ನುತ್ತ ಹಾಸಿಗೆಯ ಒಂದು ಕಡೆ ಉಬ್ಬಿಸಿ ಇನ್ನೊಂದು ಕಡೆ ಇಳಿಸುತ್ತದೆ. ಒಂದು ಬೇಸಗೆಯ ಕೊನೆಗೆ ಗಾಳಿ ಬೀಸಿ, ಮರಗಳು ತಂತಿಯ ಮೇಲೆ ಬಿದ್ದು ಎರಡು ದಿನ ಕರೆಂಟು ಹೋಯಿತು. ಹಾಸಿಗೆ ಚಪ್ಪಟೆಯಾಯಿತು. ಮೋಟಾರು ಓಡದೆ ಟಾಂಕಿ ಖಾಲಿಯಾಗಿ, ಬಾವಿಯಿಂದ ನಾನೊಬ್ಬಳೇ ಸೇದಿ ನಾಲ್ಕು ಮಾಳಿಗೆ ಹೊತ್ತು ತಂದ ಒಂದೆರಡು ಕೊಡದಲ್ಲಿ ಅವಳನ್ನು ಸರಿಯಾಗಿ ತೊಳೆಯಲೂ ಆಗಲಿಲ್ಲ. ಸೊಂಟದ ಮೇಲೆ ಎದ್ದ ಹುಣ್ಣು ಮಾಗಲು ಮಳೆಗಾಲವೆಲ್ಲ ಬೇಕಾಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಶುಗರ್ ಉಂಟಲ್ಲ ಅವರಿಗೆ. ಈ ಸಲ ಹೇಗೋ ಮಾಗಿತು. ಇನ್ನೊಮ್ಮೆ ಆದ್ರೆ ನಾನು ಗ್ಯಾರಂಟಿ ಕೊಡುದಿಲ್ಲ" ಎಂದರು. ಲೀಲಾಳ ಜೀವ ಆ ಬೆನ್ನಿನ ಚರ್ಮದಷ್ಟೇ ದಪ್ಪ ಎಂದು ನನಗೆ ಆ ದಿನ ತಿಳಿಯಿತು.

ಅದರ ಮುಂದಿನ ವರ್ಷವೇ ನಾನು ಹೇಳಹೊರಟ ವರ್ಷ. ಅಸೋಸಿಯೇಶನ್ನಿನ ಮೀಟಿಂಗಿನಲ್ಲಿ ಅಧ್ಯಕ್ಷ ಜಯಕರಣ್ಣ ಬಾವಿಗೆ ಸ್ಲ್ಯಾಬ್ ಹಾಕುವ ಮಾತೆತ್ತಿದರು. ದುಬೈಯಲ್ಲಿ ಇದ್ದು ಬಂದ ಜನ, ದೊಡ್ಡ ಸ್ವರ, ಎಲ್ಲರ ಮದುವೆಮುಂಜಿಗೂ ಮುಂದೆ ನಿಲ್ಲುವವರು. ಬಾವಿ ಮುಚ್ಚಿ ಇಂಟರ್‌ಲಾಕ್ ಹಾಕಿದರೆ ಒಂದು ಕಾರಿಗೆ ಜಾಗ ಆಗುತ್ತದೆ, ಮೋಟಾರಿನ ಪೈಪಿಗೆ ಒಂದು ಕಬ್ಬಿಣದ ಮುಚ್ಚಳ ಬಿಟ್ಟರೆ ಸಾಕು ಎಂದರು.

ನಾನು ಎದ್ದು ನಿಂತೆ. "ಬಾವಿ ಮುಚ್ಬೇಡಿ. ಕರೆಂಟು ಎರಡು ದಿನ ಅಲ್ಲ, ವಾರಗಟ್ಟಲೆ ಹೋದ್ರೆ ಎಂತ ಮಾಡುದು? ಮೋಟಾರು ಎಳೆಯುದಿಲ್ಲ, ನಳ್ಳಿಯಲ್ಲಿ ಬರುದಿಲ್ಲ. ನನ್ನ ತಂಗಿಯ ಬೆನ್ನು ತೊಳೀಲಿಕ್ಕೆ ನೀರು ಎಲ್ಲಿಂದ ತರುದು?"

ಜಯಕರಣ್ಣ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಟೀಚರೇ, ವಾರಗಟ್ಟಲೆ ಕರೆಂಟು ಹೋಗ್ಲಿಕ್ಕೆ ಇದೆಂತ ಪ್ರಳಯವಾ? ಹಾಗೆಂತಾದ್ರೂ ಪ್ರಳಯ ಬಂದ್ರೆ ನಿಮ್ಮ ತಂಗಿಯನ್ನು ನಾನೇ ಹೊತ್ತುಕೊಂಡು ಹೋಗಿ ನೇತ್ರಾವತಿಯಲ್ಲಿ ಮುಳುಗಿಸಿ ತರ್ತೇನೆ. ಸಾಕಲ್ಲ ಮಾರಾಯ್ರೆ?"

ಎಲ್ಲರೂ ನಕ್ಕರು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ಬೋರ್ಡಿನ ಎದುರು ಮುದುಕಿಯಾದವಳು. ಹಿಂದೆ ಯಾವ ಬೆಂಚಿನಲ್ಲಿ ಯಾರು ನಕ್ಕರೆಂದು ತಿರುಗಿ ನೋಡದೆ ಹೇಳಬಲ್ಲೆ. ಯಾರು ನಕ್ಕರು, ಯಾರು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದರು ಎಲ್ಲ ಕೇಳಿಸಿತು. ನಗದೆ ಉಳಿದದ್ದು ಸೆವ್ರಿನ್ ಬಾಯಿ ಮತ್ತು ಇನ್ನು ಎರಡು ಮನೆಯವರು. ಮಲಗಿದ ಹೆಂಗಸನ್ನು ಹಿಡಿದು ನಗುವ ಈ ಮನುಷ್ಯನನ್ನು ನಾನು ಬಿಡುವುದಿಲ್ಲ ಎಂದು ಆ ಹೊತ್ತಿಗೇ ತೀರ್ಮಾನಿಸಿದೆ. ಮರುದಿನದಿಂದ ಕಟ್ಟಡದಲ್ಲಿ ನನ್ನ ಹೆಸರು ಪ್ರಳಯ ಟೀಚರ್.

ಆಟಿ ತಿಂಗಳು ಬಂತು. ಹಿಂದೆ ಆಟಿಯೆಂದರೆ ಮಳೆ ಬಿಡದೆ, ಗದ್ದೆಯಲ್ಲಿ ಕೆಲಸವಿಲ್ಲದೆ, ಬೇಸಗೆಯಲ್ಲಿ ಕೂಡಿಟ್ಟದ್ದನ್ನೇ ತಿಂದು ಬದುಕುವ ತಿಂಗಳು. ಈಗ ಆಟಿಯೆಂದರೆ ಏಸಿ ಹಾಲಿನಲ್ಲಿ ಕಾರ್ಯಕ್ರಮ. ಆ ವರ್ಷದ ಕಾರ್ಯಕ್ರಮಕ್ಕೂ ಜಯಕರಣ್ಣನೇ ಮುಂದಾಳು. ವೇದಿಕೆಯಲ್ಲಿ ಹಳೆಯ ಮನೆಯಂಗಳ ಮಾಡಬೇಕೆಂದು ನಮ್ಮ ಬಾವಿಯ ರಾಟೆಯನ್ನು ಕಳಚಿ ಕೊಂಡುಹೋದರು. "ಒಂದು ದಿನಕ್ಕೆ ಟೀಚರೇ, ನಾಳೆ ತಂದು ಹಾಕ್ತೇವೆ." ಅಪ್ಪ ಹಲಸಿನ ಮರದಲ್ಲಿ ಮಾಡಿಸಿದ ರಾಟೆ ಅದು. ನಾನೂ ನೋಡಲು ಹೋದೆ. ಥರ್ಮೋಕೋಲಿನ ಬಾವಿ ಕಟ್ಟಿ, ಕೆಂಪು ಬಣ್ಣ ಬಳಿದು ಮುರಕಲ್ಲು ಮಾಡಿ, ಮೇಲೆ ನಮ್ಮ ರಾಟೆ ತೂಗುಹಾಕಿದ್ದರು. ಪಕ್ಕದಲ್ಲಿ ಚಿಮಿಣಿ ದೀಪ, ಒರಳು, ಬೀಸುವ ಕಲ್ಲು. ಹೆಂಗಸರು ಸೀರೆ ಎತ್ತಿ ಕಟ್ಟಿ ಬಾವಿಯ ಬದಿಯಲ್ಲಿ ಸೆಲ್ಫಿ ತೆಗೆದರು. ಹಾಲೆ ಮರದ ಕಷಾಯ ಕಾಗದದ ಲೋಟದಲ್ಲಿ ಬಂತು. ಜಯಕರಣ್ಣ ಮೈಕ್ ಹಿಡಿದು, ನಮ್ಮ ಹಿರಿಯರು ಎಷ್ಟು ಮುಂದಾಲೋಚನೆಯವರು, ಕಷ್ಟದ ದಿನಕ್ಕೆ ಹೇಗೆ ಕೂಡಿಡುತ್ತಿದ್ದರು ಎಂದು ಗಂಟಲು ಕಟ್ಟುವಷ್ಟು ಮಾತಾಡಿದರು. ನಾನು ಮನೆಗೆ ಬಂದಾಗ ನಿಜವಾದ ಬಾವಿಯ ಕಟ್ಟೆ ಒಡೆದು ಸ್ಲ್ಯಾಬಿಗೆ ಕಬ್ಬಿಣ ಕಟ್ಟುತ್ತಿದ್ದರು. ಅದಕ್ಕೂ ಅದೇ ದಿನವನ್ನು ಹುಡುಕಿದ್ದರು, ನಾನು ಮನೆಯಲ್ಲಿರುವುದಿಲ್ಲವೆಂದು.

ರಾಟೆ ವಾಪಸು ಬರಲಿಲ್ಲ. ಕೇಳಲು ಹೋದಾಗ ಅದು ಜಯಕರಣ್ಣನ ಮನೆಯ ಹಾಲಿನಲ್ಲಿ ಫಳಫಳ ವಾರ್ನಿಶ್ ಹೊಡೆಸಿಕೊಂಡು ತೂಗುತ್ತಿತ್ತು. ಅದರಿಂದ ಒಂದು ಜರಿಗಿಡದ ಕುಂಡ ಇಳಿಬಿಟ್ಟಿದ್ದರು. "ಬಾವಿಯೇ ಇಲ್ಲ, ರಾಟೆ ಎಂತಕ್ಕೆ? ಇಲ್ಲಿ ನೋಡಿ, ಎಷ್ಟು ಚಂದ ಕಾಣ್ತದೆ" ಎಂದರು. ಅವರ ಹೆಂಡತಿ ಕೊಟ್ಟ ಚಹಾ ಕುಡಿಯದೆ ಎದ್ದು ಬಂದೆ.

ಅಂದಿನಿಂದ ಪ್ರತಿ ಆದಿತ್ಯವಾರ ನಮ್ಮ ಮನೆಯ ಮೈನ್ ಸ್ವಿಚ್ ಇಳಿಸತೊಡಗಿದೆ. ಬೆಳಗಿನಿಂದ ಸಂಜೆ ದೀಪ ಹಚ್ಚುವವರೆಗೆ ಕರೆಂಟಿಲ್ಲದೆ ಬದುಕುವ ಅಭ್ಯಾಸ. ಸೆವ್ರಿನ್ ಬಾಯಿ ಇಗರ್ಜಿಯಿಂದ ನೇರ ಮೇಲೆ ಬರುತ್ತಿದ್ದರು. ಹತ್ತಿಯ ಹಾಸಿಗೆಯ ಮೇಲೆ ಲೀಲಾಳನ್ನು ಮಲಗಿಸಿ, ಬೆಡ್‌ಶೀಟಿನ ಎರಡು ತುದಿ ಹಿಡಿದು ಎಡಕ್ಕೆ, ಸ್ವಲ್ಪ ಹೊತ್ತಿನ ಮೇಲೆ ಬಲಕ್ಕೆ ಹೊರಳಿಸುವುದನ್ನು ಕಲಿಸಿದರು. "ಎಳೀಬೇಡಿ ಟೀಚರ್, ಎತ್ತಿ. ಎಳೆದ್ರೆ ಚರ್ಮ ಹೋಗ್ತದೆ." ಬಾಲ್ಕನಿಯಲ್ಲಿ ಇದ್ದಿಲಿನ ಒಲೆ ಹೂಡಿ ಕುಚ್ಚಲಕ್ಕಿ ಗಂಜಿ ಬೇಯಿಸಿದೆವು. ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ, ಒಣ ಸಿಗಡಿ, ಮಾವಿನ ಮಿಡಿ ಭರಣಿಗಳಲ್ಲಿ ಕೂತವು. ತೊಕ್ಕೊಟ್ಟಿನ ಪೇಟೆಯಿಂದ ಮುಚ್ಚಳವಿರುವ ನೀಲಿ ಡ್ರಮ್ಮುಗಳನ್ನು ತಂದೆ. ಅಟ್ಟದಲ್ಲಿದ್ದ ಅಮ್ಮನ ತಾಮ್ರದ ಹಂಡೆ ಹುಳಿ ಹಚ್ಚಿಸಿಕೊಂಡು ಕೆಳಗಿಳಿಯಿತು. ನಗದ ಇನ್ನೆರಡು ಮನೆಯವರೂ ಬಂದು ನೋಡಿ ಕಲಿತು ಹೋದರು. ನಕ್ಕವರಿಗೆ ನಾನು ಕಲಿಸಲಿಲ್ಲ. ಬೇಕೆಂದೇ ಕಲಿಸಲಿಲ್ಲ. ಜಯಕರಣ್ಣ ನನ್ನ ಒಲೆಯ ಹೊಗೆಯ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಕೆಳಗೆ ನಗುವ ಮುಖಗಳ ಸಾಲು.

ಆದಿತ್ಯವಾರಗಳು ನನಗೆ ಕಲಿಸಿದ್ದು ಒಂದೇ. ದೀಪವಿಲ್ಲದೆ ಆಗುತ್ತದೆ, ಫ್ಯಾನಿಲ್ಲದೆ ಬೀಸಣಿಗೆಯಲ್ಲಿ ಆಗುತ್ತದೆ, ಫ್ರಿಜ್ ಇಲ್ಲದೆ ಖಂಡಿತ ಆಗುತ್ತದೆ. ಮಲಗಿದವಳನ್ನು ತೊಳೆದು, ಬಟ್ಟೆ ಒಗೆದು, ಮತ್ತೆ ತೊಳೆಯುವ ಮನೆಯಲ್ಲಿ ನೀರಿಲ್ಲದೆ ಆಗುವುದಿಲ್ಲ. ಡ್ರಮ್ಮು ಎಷ್ಟಿದ್ದರೂ ಒಂದು ದಿನ ತಳ ಕಾಣುತ್ತದೆ. ಬಾವಿ ಬೇಕೇ ಬೇಕು. ಆ ಬಾವಿಯ ಮೇಲೆ ಚೌತಿಯ ಮುಂಚೆ ಒಂದು ಹೊಸ ಕಾರು ಬಂದು ನಿಂತಿತು. ಜಯಕರಣ್ಣನದು, ಕರೆಂಟಿನ ಕಾರು. ಅತಿಥಿಗಳಿಗೆಂದು ಮಾಡಿದ ಜಾಗ ಅವರ ಸ್ವಂತದ್ದಾಯಿತು. ಚಕ್ರದಡಿ ಲಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಗೋಡೆಗೆ ಚಾರ್ಜಿಂಗಿನ ಪೆಟ್ಟಿಗೆ ಕೂರಿಸಿದರು. "ಪೆಟ್ರೋಲ್ ಬೇಡ, ಎಂತ ಬೇಡ. ಇನ್ನು ಇದೇ ಕಾಲ" ಎಂದು ಎಲ್ಲರನ್ನೂ ಒಂದೊಂದು ರೌಂಡು ಹೊಡೆಸಿದರು. ನನ್ನನ್ನೂ ಕರೆದರು. ನಾನು ಆ ಕಾರಿನ ಚಕ್ರವನ್ನೂ ಅದರಡಿಯ ಕಬ್ಬಿಣದ ಮುಚ್ಚಳವನ್ನೂ ನೋಡುತ್ತ ನಿಂತಿದ್ದೆ.

ಮುಂದಿನ ಬೇಸಗೆಯ ಕೊನೆಗೆ ಚಂಡಮಾರುತ ಬಂತು. ದಡಕ್ಕೆ ಅಪ್ಪಳಿಸದೆ ಕಡಲಿನಲ್ಲೇ ಉತ್ತರಕ್ಕೆ ಸಾಗಿತು. ಆದರೆ ಅದರ ಗಾಳಿ ಘಟ್ಟದಿಂದ ಕರೆಂಟು ತರುವ ದೊಡ್ಡ ದೊಡ್ಡ ಟವರುಗಳನ್ನು ಬುಡಸಮೇತ ಮಲಗಿಸಿತು, ಹೋಗುವಾಗ ಮಳೆಯನ್ನೂ ಎಳೆದುಕೊಂಡು ಹೋಯಿತು. ಮೋಡ ಚದುರಿ ಬೆಂಕಿಯಂಥ ಬಿಸಿಲು ಬಿತ್ತು. ಇಡೀ ಜಿಲ್ಲೆಗೆ ಕರೆಂಟಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದವರು ಆಮೇಲೆ ಏನೂ ಹೇಳುವುದನ್ನು ಬಿಟ್ಟರು.

ಮೊದಲು ಎಲ್ಲರಿಗೂ ತಮಾಷೆ. ಟೆರೇಸಿನಲ್ಲಿ ಕೂತು ಅಂತ್ಯಾಕ್ಷರಿ ಆಡಿದರು. ಜಯಕರಣ್ಣ ಕಾರಿನಲ್ಲಿ ಏಸಿ ಹಾಕಿ ಹೆಂಡತಿಯ ಜೊತೆ ಕೂತರು, ಕಾರಿನಿಂದಲೇ ಊರವರ ಫೋನುಗಳಿಗೆ ಚಾರ್ಜು ಕೊಟ್ಟು ದಾನಶೂರರಾದರು. ಜನರೇಟರಿನ ಡೀಸೆಲ್ ಮುಗಿಯಿತು. ಬಂಕುಗಳಲ್ಲಿ ಕ್ಯೂ ರಸ್ತೆ ದಾಟಿತ್ತು. ಆಮೇಲೆ ಕಾರೂ ಸತ್ತಿತು. ಅದರ ಬಾಗಿಲೂ ಕರೆಂಟಿನದು, ಬ್ರೇಕೂ ಕರೆಂಟಿನದು. ಚಕ್ರಗಳು ಬಿಗಿದುಕೊಂಡು ಬಾವಿಯ ಮುಚ್ಚಳದ ಮೇಲೆ ಕಾರು ಬಂಡೆಯಾಯಿತು. ನಳ್ಳಿ ನಿಂತಿತು, ಟ್ಯಾಂಕರಿನವರು ಫೋನ್ ಎತ್ತಲಿಲ್ಲ. ಟೆರೇಸಿನ ಅಂತ್ಯಾಕ್ಷರಿ ನಿಂತಿತು.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು. ನಕ್ಕವರು ಒಬ್ಬೊಬ್ಬರಾಗಿ ಖಾಲಿ ಕೊಡ ಹಿಡಿದು ಮೆಟ್ಟಿಲು ಹತ್ತಿ ಬಂದರು. "ಟೀಚರ್, ಮಗುವಿಗೆ ಕುಡೀಲಿಕ್ಕೆ ಒಂದು ಚೂರು..." ಮಕ್ಕಳಿದ್ದವರಿಗೆ ಕೊಟ್ಟೆ. ಕೊಡುವಾಗ, "ಪ್ರಳಯ ಬಂತಾ?" ಎಂದು ಕೇಳಿಯೇ ಕೊಟ್ಟೆ. ಜಯಕರಣ್ಣ ಮಾತ್ರ ಬರಲಿಲ್ಲ. ಅವರ ಬಳಿ ಕ್ಯಾನಿನ ನೀರಿತ್ತು. ಅವರು ಬರುವವರೆಗೆ ಕಾಯುತ್ತೇನೆ, ಬಂದು ಕೈ ಮುಗಿದು ಬಾವಿಯ ಮಾತು ಅವರೇ ಎತ್ತಬೇಕು ಎಂಬ ಹಟ ನನಗೆ. ಆದರೆ ಡ್ರಮ್ಮುಗಳು ಒಂದೊಂದಾಗಿ ಟೊಳ್ಳು ಸದ್ದು ಮಾಡತೊಡಗಿದವು. ಸೆಕೆಗೆ ಲೀಲಾಳ ಬೆನ್ನು ಬೆವರಿ ಬೆವರಿ ಬೆಂದಂತಾಗುತ್ತಿತ್ತು. ಒಂದು ಬೆಳಿಗ್ಗೆ ಅವಳನ್ನು ಹೊರಳಿಸಿದಾಗ ಹಳೆಯ ಗಾಯದ ಜಾಗದಲ್ಲಿ ಒಂದು ಕೆಂಪು ಮಚ್ಚೆ. ಸೆವ್ರಿನ್ ಬಾಯಿ ಬೆರಳಿನಿಂದ ಒತ್ತಿ ನೋಡಿದರು. ಒತ್ತಿದರೂ ಕೆಂಪು ಬಿಳಿಯಾಗಲಿಲ್ಲ, ಹುಣ್ಣು ಏಳುವ ಮೊದಲ ಗುರುತು ಅದು.

"ದೇವಾ" ಎಂದರು ಅವರು. "ಇನ್ನು ಅರ್ಧ ಲೋಟದಲ್ಲಿ ಒರಸಿ ಆಗುದಿಲ್ಲ. ಸರಿಯಾಗಿ ತೊಳೀಬೇಕು, ದಿನಕ್ಕೆ ಎಷ್ಟೋ ಸಲ. ಅವರು ಬರ್ಲಿ ಅಂತ ಕಾಯ್ತಾ ಕೂತ್ಕೊಳ್ಬೇಡಿ. ನಿಮ್ಗೆ ಸೇಡು ಬೇಕಾ, ನೀರು ಬೇಕಾ?"

"ಎರಡೂ ಬೇಕು" ಎಂದೆ.

ಲೀಲಾಳನ್ನು ಅವರ ಕೈಗೆ ಒಪ್ಪಿಸಿ ಕೊಡೆ ಹಿಡಿದು ಬಿಸಿಲಿನಲ್ಲಿ ಕುದ್ರೋಳಿಗೆ ನಡೆದೆ. ಅಲ್ಲಿ ನದಿಯ ಬದಿಯಲ್ಲಿ ನನ್ನ ದೊಡ್ಡಮ್ಮನ ಮಗ ದಾಮು ಇದ್ದಾನೆ, ದೋಣಿಯವನು. ನಮ್ಮ ಕಡೆ ದೋಣಿಯನ್ನು ದಡಕ್ಕೆ ಎಳೆಯುವಾಗ ಅಡಿಗೆ ಹಲಗೆ ಹಾಸಿ, ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಾರೆ. ಅದರ ಮೇಲೆ ಎಂಥ ಭಾರವೂ ಜಾರುತ್ತದೆ. ನಾನು ಹೇಳಿದ್ದನ್ನು ಕೇಳಿ ದಾಮು, "ಕಾರಾ? ದೋಣಿಯಷ್ಟು ಭಾರ ಉಂಟಾ ಅಕ್ಕ ಅದು?" ಎಂದು ಮಾತ್ರ ಕೇಳಿದ. ಮರುದಿನ ಬಿಸಿಲೇರುವ ಮೊದಲೇ ಜನ, ಹಲಗೆ, ಹಗ್ಗ, ಎಣ್ಣೆಯ ಡಬ್ಬ ಎಲ್ಲದರ ಸಮೇತ ಅಂಗಳಕ್ಕೆ ಬಂದ.

ಕಾರಿನ ಒಂದೊಂದೇ ಚಕ್ರವನ್ನು ಜ್ಯಾಕಿನಿಂದ ಎತ್ತಿ ಹಲಗೆ ತುರುಕಿದರು. ಮೀನೆಣ್ಣೆಯ ನಾತ ನಾಲ್ಕನೆಯ ಮಾಳಿಗೆಗೆ ಹೋಯಿತು. ಆ ನಾತಕ್ಕೇ ಜಯಕರಣ್ಣ ಬನಿಯನ್ನಿನಲ್ಲಿ ಓಡಿ ಬಂದರು.

"ಯಾರ್ರೀ ಅದು? ಕಾರಿಗೆ ಕೈ ಹಾಕಿದ್ರೆ ಪೊಲೀಸಿಗೆ ಫೋನ್ ಮಾಡ್ತೇನೆ!"

"ಮಾಡಿ" ಎಂದೆ. "ಚಾರ್ಜು ಉಂಟಾ?"

ಯಾರೋ ಕಿಸಕ್ಕೆಂದರು. ಜಯಕರಣ್ಣ ಸುತ್ತ ನೋಡಿದರು. ಮೀಟಿಂಗಿನಲ್ಲಿ ಅವರ ಮಾತಿಗೆ ನಕ್ಕವರೆಲ್ಲ ಕೊಡಪಾನ, ಬಕೆಟು ಹಿಡಿದು ಇಳಿದು ಬಂದಿದ್ದರು. ಒಬ್ಬರೂ ಅವರ ಪಕ್ಕಕ್ಕೆ ಹೋಗಿ ನಿಲ್ಲಲಿಲ್ಲ. ಮೊದಲು ಇಬ್ಬರು, ಆಮೇಲೆ ಎಲ್ಲರೂ ಬಕೆಟು ಕೆಳಗಿಟ್ಟು ದಾಮುವಿನ ಹಗ್ಗಕ್ಕೆ ಕೈ ಹಾಕಿದರು. ದಾಮು "ಹೋಯ್" ಎಂದು ಕೂಗಿದ, ಹಿಂದಿನವರು "ಐಸಾ" ಎಂದರು. ಮೂರನೆಯ ಐಸಾಕ್ಕೆ ಕಾರು ಅಲುಗಿ, ಮೀನೆಣ್ಣೆಯ ಮೇಲೆ ಸರ್ರನೆ ಜಾರಿ, ಕಂಪೌಂಡಿನ ಗೋಡೆಗೆ ಬದಿಯ ಕನ್ನಡಿಯೊಂದನ್ನು ಬಲಿಕೊಟ್ಟು ನಿಂತಿತು. ಆ ಕನ್ನಡಿ ಒಡೆದ ಸದ್ದು ಈಗಲೂ ನನ್ನ ಕಿವಿಗೆ ಇಂಪು.

ಮುಚ್ಚಳ ತೆಗೆದರು. ಕೆಳಗೆ ಅಪ್ಪನ ನೀರು ಕಪ್ಪಗೆ ಮಿನುಗುತ್ತಿತ್ತು. ದಾಮು ದೋಣಿಯ ಮೂರು ಬಿದಿರಿನ ಗಳ ನಿಲ್ಲಿಸಿ ತುದಿ ಕಟ್ಟಿದ. "ರಾಟೆ?" ಎಂದ. ನಾನು ಜಯಕರಣ್ಣನ ಮುಖ ನೋಡಿದೆ. ಎಲ್ಲರೂ ನೋಡಿದರು. ಅವರು ಒಳಗೆ ಹೋಗಿ, ಜರಿಗಿಡ ತೂಗುತ್ತಿದ್ದ ಹಾಗೆಯೇ ರಾಟೆಯನ್ನು ಎದೆಗವಚಿಕೊಂಡು ತಂದರು. ಗಿಡ ಬಾಡಿ ಹೋಗಿತ್ತು. ಅದನ್ನು ಬಿಡಿಸುವಾಗ ಒಣಗಿದ ಎಲೆಗಳು ಅವರ ತಲೆಯ ಮೇಲೂ ಬನಿಯನ್ನಿನ ಮೇಲೂ ಉದುರಿದವು.

ದಾಮು ಕೊಡಪಾನ ಇಳಿಸಲು ಹೊರಟಾಗ ನಾನು ತಡೆದೆ. "ಮೊದಲ ಕೊಡ ಅಧ್ಯಕ್ಷರು ಎಳೀಲಿ. ಎಳೆದು ಅವರೇ ಮೇಲೆ ತರ್ಲಿ. ನೇತ್ರಾವತಿಗೆ ಹೊತ್ತುಕೊಂಡು ಹೋಗ್ತೇನೆ ಅಂದಿದ್ರಲ್ಲ, ಅಷ್ಟು ದೂರ ಬೇಡ. ನಾಲ್ಕು ಮಾಳಿಗೆ ಸಾಕು."

ಆಗಲಿಕ್ಕಿಲ್ಲ ಎನ್ನಬಹುದಿತ್ತು ಅವರು. ಆದರೆ ಅಂಗಳದಲ್ಲಿ ಅಷ್ಟು ಖಾಲಿ ಬಕೆಟುಗಳು ಕಾಯುತ್ತಿದ್ದವು, ಅವರು ಎಳೆಯದೆ ಮುಂದಿನವರು ಎಳೆಯುವಂತಿರಲಿಲ್ಲ. ದಾಮುವಿನ ನಾರಿನ ಹಗ್ಗ ಹಿಡಿದರು. ವಾರ್ನಿಶ್ ಹೊಡೆಸಿಕೊಂಡ ರಾಟೆ ಕಟ್ಟಡಕ್ಕೆಲ್ಲ ಕೇಳುವಂತೆ ಕಿರ್ರೆಂದಿತು. ಒದ್ದೆ ನಾರಿನ ವಾಸನೆ ಮೇಲೆ ಬಂತು. ಲಿಫ್ಟ್ ಇಲ್ಲದ ಮೆಟ್ಟಿಲುಗಳನ್ನು ಅವರು ಕೊಡ ಹೊತ್ತು ಹತ್ತಿದರು, ನಾನು ಹಿಂದೆ ಹತ್ತಿದೆ. ತಿರುವು ತಿರುವಿನಲ್ಲಿ ನಿಂತು ಏದುಸಿರು ಬಿಟ್ಟರು. "ನಿಲ್ಬೇಡಿ, ನೀರು ಚೆಲ್ತದೆ" ಎಂದೆ.

ಕೋಣೆಯ ಬಾಗಿಲಲ್ಲಿ ಅವರು ನಿಂತಾಗ ಲೀಲಾ ಗೋಡೆಗೆ ಮುಖಮಾಡಿ ಮಲಗಿದ್ದಳು. ಸೆವ್ರಿನ್ ಬಾಯಿ ಅವಳನ್ನು ನಿಧಾನ ಈಚೆಗೆ ತಿರುಗಿಸಿದರು. ಎದುರಿಗೆ ಅಸೋಸಿಯೇಶನ್ನಿನ ಅಧ್ಯಕ್ಷರು. ಒದ್ದೆ ಬನಿಯನ್, ಮೊಣಕಾಲಿನವರೆಗೆ ಮೀನೆಣ್ಣೆ, ತಲೆಯ ಮೇಲೆ ಜರಿಗಿಡದ ಎಲೆ, ಹೆಗಲ ಮೇಲೆ ಕೊಡ. ಲೀಲಾ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಎದೆ ಅಲುಗಿತು. ಉಸಿರು ಸಿಕ್ಕಿತೆಂದು ನಾನು ಹೆದರಿ ಓಡಿದೆ. ಉಸಿರಲ್ಲ. ಎಡಗಡೆಯ ತುಟಿ ಮೇಲೆ ಹೋಯಿತು, ಗಂಟಲಿನಿಂದ ಒಂದು ಸದ್ದು ಬಂತು, ಇನ್ನೊಂದು ಬಂತು, ಆಮೇಲೆ ತಡೆಯಲಾಗಲಿಲ್ಲ ಅವಳಿಗೆ. ಅರ್ಧ ಮುಖದಲ್ಲಿ, ಪೂರ್ತಿ ಸ್ವರದಲ್ಲಿ ನಕ್ಕಳು. ಕೆಳಗೆ ಅಂಗಳದಲ್ಲಿ ನೀರು ಎಳೆಯುತ್ತಿದ್ದವರು ಸದ್ದು ನಿಲ್ಲಿಸಿ ಮೇಲೆ ನೋಡಿದರಂತೆ. ಜಯಕರಣ್ಣ ಕೊಡ ಇಳಿಸಲೂ ಆಗದೆ, ಹಿಡಿದು ನಿಲ್ಲಲೂ ಆಗದೆ ಆ ನಗು ಮುಗಿಯುವವರೆಗೆ ನಿಂತಿದ್ದರು. ಮುಗಿಯಲು ಬಹಳ ಹೊತ್ತಾಯಿತು.

ಕೆಂಪು ಮಚ್ಚೆ ಹುಣ್ಣಾಗಲಿಲ್ಲ. ಮಳೆ ಬಂದು ನೆಲ ತಣಿದ ಮೇಲೆ ಕರೆಂಟೂ ಬಂತು. ಮುಂದಿನ ಮೀಟಿಂಗಿನಲ್ಲಿ ಸ್ಲ್ಯಾಬ್ ಒಡೆದು ಕಟ್ಟೆ ಕಟ್ಟುವುದೆಂದು ತೀರ್ಮಾನವಾಯಿತು. ನಾನು ಬಾಯಿ ಬಿಡಬೇಕಾಗಲಿಲ್ಲ. ಕಾರಿನ ಮೀನೆಣ್ಣೆಯ ವಾಸನೆ ಎಷ್ಟು ತೊಳೆಸಿದರೂ ಹೋಗದೆ ಅವರು ಅದನ್ನು ಮಾರಿದರು. ಲೀಲಾ ಆಮೇಲೆ ಎರಡು ಮಳೆಗಾಲ ಇದ್ದಳು. ಹೋದದ್ದು ಹೃದಯ ನಿಂತು, ಬೆನ್ನಿನಿಂದಲ್ಲ. ರಾಟೆಯ ಸದ್ದು ಕೇಳಿದಾಗಲೆಲ್ಲ ಅವಳ ಎಡಗಡೆಯ ತುಟಿ ಮೇಲೆ ಹೋಗುತ್ತಿತ್ತು.

ಜಯಕರಣ್ಣ ಈಗ ಅಧ್ಯಕ್ಷರಲ್ಲ. ಲೀಲಾಳ ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಬಂದಿದ್ದರು, "ಹಳೆಯದ್ದನ್ನೆಲ್ಲ ಮರೆತು ಬಿಡಿ ಟೀಚರೇ" ಎಂದರು. ನಾನು ಪಾಯಸ ಬಡಿಸಿದೆ, ಮಾತು ಕೊಡಲಿಲ್ಲ. ಅವರ ಮನೆಯ ಬಾಲ್ಕನಿ ಬಾವಿಯ ನೇರ ಮೇಲೆ ಇದೆ. ದಿನಾ ಬೆಳಿಗ್ಗೆ ಚಹಾ ಹಿಡಿದು ಅಲ್ಲಿ ಕೂರುತ್ತಾರೆ. ನಳ್ಳಿಯಲ್ಲಿ ಧಾರಾಳ ನೀರಿದ್ದರೂ ನಾನು ಆ ಹೊತ್ತಿಗೇ ಕೊಡಪಾನ ಹಿಡಿದು ಇಳಿಯುತ್ತೇನೆ. ರಾಟೆ ಕಿರ್ರೆಂದ ಕೂಡಲೇ ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಹಾಗಾಗಿ ನಾನು ಅದಕ್ಕೆ ಎಣ್ಣೆ ಹಾಕುವುದಿಲ್ಲ.